ಮಚ್ಚೆ ಯಾವ ಕೆನ್ನೆಗೆ

ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ ಅಂತ ಅಮ್ಮ ಅವಳಿಗೆ ಚಿಕ್ಕಂದಿನಲ್ಲೇ ‘ಚಡಪಡಿ’ ಅಂತ ಹೆಸರಿಟ್ಟಿದ್ದಳು. ಆ ಭಾನುವಾರ ಮುದ್ರಣಕಲೆಯ ಉತ್ಸವದಲ್ಲಿ ಅವಳನ್ನು ಕಂಡಿದ್ದರೆ ನೀವೂ ಅದೇ ಹೆಸರಿಡುತ್ತಿದ್ದಿರಿ. ಹಳೇ ಗೋದಾಮಿನ ತುಂಬ ಸಾಲು ಮೇಜುಗಳು, ತಲೆಯ ಮೇಲೆ ದಾರಕ್ಕೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟ ಪೋಸ್ಟರುಗಳು, ಎಲ್ಲೆಲ್ಲೂ ಶಾಯಿಯ ವಾಸನೆ. ಚಿತ್ರ ಬರೆದು ಹೊಟ್ಟೆ ಹೊರೆಯುವವಳಿಗೆ ಇದಕ್ಕಿಂತ ಸ್ವರ್ಗ ಬೇಕೆ? ಅವಳಿಗೆ ಮಾತ್ರ ಮುಳ್ಳಿನ ಮೇಲೆ ನಿಂತ ಹಾಗಿತ್ತು.

ಕಾರಣ ಇಷ್ಟೇ. ಅಮ್ಮ ತೀರಿಕೊಂಡ ಮೇಲೆ ಅಮ್ಮನ ಬಗ್ಗೆ ಒಂದು ಚಿತ್ರಪುಸ್ತಕ ಮಾಡಿಕೊಡುತ್ತೇನೆ ಅಂತ ಪ್ರಕಾಶಕರಿಗೆ ಮಾತು ಕೊಟ್ಟಿದ್ದಳು. ಅಪ್ಪ ಅಮ್ಮನ ಕ್ಷೌರದ ಅಂಗಡಿ ಕಾಗದದ ಮೇಲೆ ಬಂತು, ಕುರ್ಚಿ ಬಂತು, ಕತ್ತರಿ ಬಾಚಣಿಗೆ ಎಲ್ಲಾ ಬಂತು, ಮುಖ ಮಾತ್ರ ಬರಲೊಲ್ಲದು. ಫೋಟೋ ಮುಂದಿಟ್ಟುಕೊಂಡು ಕೂದಲೆಳೆ ತಪ್ಪದ ಹಾಗೆ ಬರೆದರೂ ಕಾಗದದ ಮೇಲೆ ಬಂದು ಕೂರುತ್ತಿದ್ದವಳು ಯಾರೋ ಸಪ್ಪೆ ಮೋರೆಯ ಹೆಂಗಸು. ಅಪ್ಪನಿಗೆ ತೋರಿಸಿದರೆ ಪ್ರತಿ ಸಲವೂ ಒಂದೇ ಪ್ರಶ್ನೆ: “ಯಾರಮ್ಮಾ ಇವ್ರು?” ಪ್ರಕಾಶಕರಿಗೂ ಕಾದು ಕಾದು ಸಾಕಾಗಿತ್ತು. ನಾಳೆ ಬೆಳಿಗ್ಗೆ ಅಮ್ಮನ ಮುಖ ಬರೆದು ತೋರಿಸಿ, ಇಲ್ಲದಿದ್ದರೆ ಪುಸ್ತಕದ ಆಸೆ ಬಿಟ್ಟುಬಿಡೋಣ ಅಂದಿದ್ದರು.

ಸಾಲದ್ದಕ್ಕೆ ಅಪ್ಪನೂ ಜೊತೆಗಿದ್ದ. ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿ ಗೋಡೆ ನೋಡುತ್ತಾ ಕೂರುತ್ತಾನೆ, ಕರಕೊಂಡು ಹೋಗೇ ಅಂತ ತಮ್ಮ ಅಂಟಿಸಿ ಕಳಿಸಿದ್ದ. ಜೀವಮಾನವೆಲ್ಲ ಕ್ಷೌರ ಮಾಡಿದ ಮನುಷ್ಯ ಚಿತ್ರ ನೋಡುತ್ತಾನೆಯೇ? ತಲೆ ನೋಡುತ್ತಿದ್ದ.

“ಆ ಗಡ್ಡದವನ ಕತ್ತಿನ ಹಿಂದೆ ನೋಡು, ಇಲಿ ಕಡಿದ ಹಾಗಿದೆ. ಯಾರೋ ಪಾಪಿ ಕೈಯಾಡಿಸಿದಾನೆ.”

“ಅಪ್ಪ, ಮೆಲ್ಲಗೆ! ಅವರು ದೊಡ್ಡ ಕಲಾವಿದರು.”

“ಆಗ್ಲಿ ಬಿಡು. ಕಲಾವಿದರಿಗೆ ಕತ್ತು ಇರಲ್ವಾ?”

ಅವಳಿಗೆ ನಗು ಬರುವ ಬದಲು ರೇಗಿತು. ಅಪ್ಪನ ಮೇಲೆ ಅವಳಿಗೆ ಹಳೇ ಸಿಟ್ಟೊಂದಿತ್ತು. ಅಪ್ಪ ಗಂಡಸರ ತಲೆಗೆ, ಅಮ್ಮ ಹೆಂಗಸರ ತಲೆಗೆ, ಒಂದೇ ಅಂಗಡಿಯಲ್ಲಿ ಅಷ್ಟು ವರ್ಷ ದುಡಿದವರು. ಮನೆಗೆ ಬಂದರೆ ಮಾತಿಲ್ಲ, ಕತೆಯಿಲ್ಲ. ಊಟದ ಹೊತ್ತಿನಲ್ಲಿ ಅಪ್ಪ ‘ಉಪ್ಪು’ ಅಂದರೆ ಅದೇ ಭಾಷಣ. ಕತ್ತರಿ ಬ್ಲೇಡು ಇರುವ ಕಡೆ ಈ ಚಡಪಡಿ ಬೇಡ ಅಂತ ಮಕ್ಕಳನ್ನು ಅಂಗಡಿಗೆ ಸೇರಿಸುತ್ತಲೂ ಇರಲಿಲ್ಲ. ಹಾಗಾಗಿ ಅವಳು ಕಂಡದ್ದು ಮನೆಯ ಅಮ್ಮನನ್ನು, ಮಾತೇ ಆಡದ ಗಂಡನಿಗೆ ಬಡಿಸಿ ಮಲಗುವ ಅಮ್ಮನನ್ನು. ಪಾಪದ ಹೆಂಗಸು ಅಂದುಕೊಂಡೇ ಬರೆಯಲು ಕೂರುತ್ತಿದ್ದಳು, ಪಾಪದ ಹೆಂಗಸೇ ಬರುತ್ತಿದ್ದಳು.

ಮೇಜಿನಿಂದ ಮೇಜಿಗೆ ಹಾರಿದಳು. ಒಬ್ಬ ಬರೀ ಹಳದಿ ಮತ್ತು ಕಪ್ಪಿನಲ್ಲಿ ಸಂತೆಯಷ್ಟು ಜನರನ್ನು ಅಚ್ಚು ಹಾಕಿದ್ದ. ಒಬ್ಬಳು ತನ್ನ ಬೀದಿಯ ಬೆಕ್ಕುಗಳನ್ನೆಲ್ಲ ಒಂದು ಕರವಸ್ತ್ರದ ಮೇಲೆ ತಂದಿದ್ದಳು. ನೋಡಿದ್ದೆಲ್ಲ ಚೆನ್ನಾಗಿತ್ತು, ನೋಡಿದಷ್ಟೂ ಹೊಟ್ಟೆ ಉರಿಯಿತು. ಇವರಿಗೆಲ್ಲ ಬೆಕ್ಕು ಕೂಡ ಬರುತ್ತದೆ, ನನಗೆ ಹೆತ್ತ ತಾಯಿ ಬರುವುದಿಲ್ಲವಲ್ಲ! ಜಾಗ ಸರಿಯಿಲ್ಲ, ಬೆಳಕು ಸರಿಯಿಲ್ಲ, ಸೆಕೆ ಅಂತೆಲ್ಲ ಗೊಣಗಿಕೊಂಡಳು. ಕುಣಿಯಲಾರದವಳಿಗೆ ನೆಲ ಡೊಂಕು.

ಗೋದಾಮಿನ ಕೊನೆಯಲ್ಲಿ ಒಬ್ಬಾಕೆ, ಮೊಣಕೈವರೆಗೂ ಶಾಯಿ, ಬಂದವರನ್ನು ಕೂರಿಸಿ ಲಿನೋ ಕೊರೆಯುವುದನ್ನು ಕಲಿಸುತ್ತಿದ್ದಳು. ರಬ್ಬರಿನಂಥ ಮೆತ್ತನೆಯ ಹಾಳೆ, ಅದರ ಮೇಲೆ ಚಿತ್ರ ಇಳಿಸಿ, ಪುಟ್ಟ ಉಳಿಯಿಂದ ಕೊರೆದು, ಶಾಯಿ ಉರುಳಿಸಿ ಕಾಗದಕ್ಕೆ ಒತ್ತುವುದು. “ಒತ್ತಿದಾಗ ಎಡ ಬಲ ಅದಲುಬದಲಾಗತ್ತೆ. ಚಿತ್ರಾನ ಮಗುಚಿ ಹಾಕಿ ಇಳಿಸ್ಕೊಳ್ಳಿ,” ಅಂತ ಆಕೆ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು.

ನಮ್ಮ ಚಡಪಡಿ ಕೇಳಿಸಿಕೊಂಡಳೇ? ಇನ್ನು ನಿಂತರೆ ಅತ್ತುಬಿಡುತ್ತೇನೆ ಅನ್ನಿಸಿ ಕುರ್ಚಿ ಎಳೆದು ಕೂತಿದ್ದಳು. ಚೀಲದಿಂದ ಅಮ್ಮನ ಫೋಟೋ ನೋಡಿ ಬರೆದ ಹಾಳೆ ತೆಗೆದಳು, ಇದ್ದ ಹಾಗೇ ಇಳಿಸಿದಳು, ಕೊರೆದಳು. ಸಿಟ್ಟಿನಲ್ಲೇ ಕೊರೆದಳು. ರೋಲರ್ ಉರುಳಿಸಿ, ಕಾಗದ ಒತ್ತಿ, ತುದಿ ಹಿಡಿದು ಎತ್ತಿದಳು.

ಅಯ್ಯೋ ದೇವರೇ! ಅಮ್ಮನ ಬಲಗೆನ್ನೆಯ ಮಚ್ಚೆ ಎಡಗೆನ್ನೆಗೆ ಬಂದು ಕೂತಿತ್ತು. ಬೈತಲೆ ಆ ಕಡೆಯದು ಈ ಕಡೆ. ಸ್ವಲ್ಪ ಮೇಲಿರುವ ಹುಬ್ಬೂ ಉಲ್ಟಾ. ಚಿತ್ರವೇ ಕಸುಬಾಗಿರುವವಳು ಮಾಡುವ ತಪ್ಪೇ ಇದು? ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕಾಗದವನ್ನು ಮುದುರಲು ಕೈ ಹಾಕಿದಳು.

“ಏಯ್, ಬಿಡೇ!” ಅಪ್ಪ ಅವಳ ಮಣಿಕಟ್ಟು ಹಿಡಿದಿದ್ದ. ಹಿಂದೆ ಯಾವಾಗ ಬಂದು ನಿಂತಿದ್ದನೋ. ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಎತ್ತರಕ್ಕೆ ಹಿಡಿದುಕೊಂಡ. “ಎಲ್ಲೋಗಿದ್ಯೇ ಇಷ್ಟು ದಿನ?” ಅಂದ. ಅವಳಿಗಲ್ಲ, ಕಾಗದಕ್ಕೆ.

“ಅಪ್ಪ, ಅದು ಕೆಟ್ಟೋಗಿದೆ. ಮಚ್ಚೆ ನೋಡು, ಬಲಗಡೆ ಇರ್ಬೇಕಿತ್ತು. ಮತ್ತೆ ಕೊರೀತೀನಿ.”

“ಮುಟ್ಟಿದ್ರೆ ನೋಡು! ಮಚ್ಚೆ ಸರೀಗೇ ಇದೆ. ನಾನು ನೋಡಿದ್ದು ಅಲ್ಲೇ.”

“ಎಲ್ಲಿ ನೋಡಿದೆ?”

“ಕನ್ನಡೀಲಿ ಕಣೇ. ಅಕ್ಕಪಕ್ಕ ಕುರ್ಚಿ, ಎದುರಿಗೆ ಒಂದೇ ಉದ್ದ ಕನ್ನಡಿ. ಬೆಳಿಗ್ಗೆಯಿಂದ ಸಾಯಂಕಾಲದ ತನಕ ನಾನು ಅವಳನ್ನ, ಅವಳು ನನ್ನನ್ನ ನೋಡ್ತಿದ್ದಿದ್ದು ಅದರಲ್ಲೇ. ನಿನ್ನ ಫೋಟೋದಲ್ಲಿರೋರು ಯಾರೋ ನಂಗೊತ್ತಿಲ್ಲಮ್ಮ. ಇವಳು ನನ್ನ ಹೆಂಡ್ತಿ.”

ಅವಳಿಗೆ ಹಳೇ ಸಿಟ್ಟೇ ಬಾಯಿಗೆ ಬಂತು. “ಅಷ್ಟು ನೋಡ್ತಿದ್ದವನು ಮನೇಲಿ ಒಂದು ಮಾತಾದ್ರೂ ಆಡಬಾರದಿತ್ತಾ ಅಪ್ಪ?”

ಅಪ್ಪ ಪೆಚ್ಚಾಗಲಿಲ್ಲ, ಅವನಿಗೆ ಆಶ್ಚರ್ಯವೇ ಆಯಿತು. “ಮನೇಲಿ ಇನ್ನೇನು ಉಳಿದಿರ್ತಿತ್ತು ಆಡಕ್ಕೆ? ಗಿರಾಕಿ ಮುಂದೆ ಬಾಯಿ ಬಿಡೋ ಹಾಗಿಲ್ವಲ್ಲ, ಎಲ್ಲಾ ಹುಬ್ಬಲ್ಲೇ. ಇವನು ಕೊಡೋ ಗಿರಾಕಿ ಅಲ್ಲ, ಈಯಮ್ಮ ಎದ್ದು ಹೋಗೋ ಪೈಕಿ ಅಲ್ಲ, ನಿಂಗೆ ಹಸಿವಾಯ್ತಾ, ನಿನ್ನ ಮೇಲೆ ಕೋಪ ಇನ್ನೂ ಇದೆ... ಹೊಟ್ಟೆ ಹಿಡ್ಕೊಂಡು ನಗು ಬರೋದು, ಕೈಲಿ ಕತ್ತಿ ಬೇರೆ. ಸಾಯಂಕಾಲ ಬೀಗ ಹಾಕೋ ಹೊತ್ತಿಗೆ ಮಾತೆಲ್ಲ ಮುಗಿದು, ನಗು ತಡೆದು ತಡೆದು ಇಬ್ಬರಿಗೂ ದವಡೆ ನೋವು.”

ಪಾಪದ ಹೆಂಗಸಂತೆ! ತನ್ನ ತಲೆಗೇ ಒಂದು ಬಿಡಬೇಕು ಅನ್ನಿಸಿತು ಅವಳಿಗೆ. ಇಷ್ಟು ದಿನ ಬರೆದದ್ದೆಲ್ಲ ಹಾಳಾಗಿ ಹೋಗಲಿ, ಪುಸ್ತಕ ಇಡೀ ಕನ್ನಡಿಯಲ್ಲೇ ನಡೆಯಬೇಕು, ಹುಬ್ಬಲ್ಲೇ ಮಾತಾಡಬೇಕು. ಕೈ ತೊಳೆಯುವಷ್ಟೂ ತಾಳ್ಮೆಯಿಲ್ಲದೆ ಹೊಸ ಲಿನೋ ತುಂಡೊಂದನ್ನು ಎಳೆದುಕೊಂಡಳು.

“ಹೇಗೆ ಮಾಡ್ತಿದ್ಲು, ತೋರ್ಸು.”

“ಇಲ್ಲೇನಾ? ಜನ ಇದಾರೆ ಕಣೇ.”

“ತೋರ್ಸಪ್ಪ!”

ಅಪ್ಪ ಅತ್ತ ಇತ್ತ ನೋಡಿದ. ಕಾಗದವನ್ನು ಜೋಪಾನವಾಗಿ ಮೇಜಿನ ಮೇಲಿಟ್ಟ. ಎಡ ಹುಬ್ಬು ಎತ್ತಿದ, ತಪ್ಪಾಯಿತೆಂದು ಇಳಿಸಿ, ಬಲದ್ದನ್ನು ಒಂದಿಷ್ಟೇ ಎತ್ತಿ, ಕಣ್ಣನ್ನು ಬಾಗಿಲ ಕಡೆ ಹೊರಳಿಸಿ, ತುಟಿ ಒಳಗೆಳೆದುಕೊಂಡ. ಆ ಸುಕ್ಕುಗಟ್ಟಿದ ಗಂಡಸಿನ ಮುಖದ ಮೇಲೆ ಅಮ್ಮ ಹಾದು ಹೋದಳು.

“ಇದಕ್ಕೆ ಏನರ್ಥ?” ಅಂತ ಕೇಳಿದಳು.

“ಇದಾ? ದಿನಾ ಮಧ್ಯಾಹ್ನದ್ದು. ಚಡಪಡಿಗೆ ಸ್ಕೂಲು ಬಿಟ್ಟಿರತ್ತೆ, ಹೋಗಿ ಮನೆಗೆ ಬಿಟ್ಟು ಬರ್ಲಾ ಅಂತ.”

ಅವಳು ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಶಾಯಿ ಬಳಿದುಕೊಂಡಳು. ಪೆನ್ಸಿಲ್ ಎತ್ತಿಕೊಂಡಳು.

“ಇನ್ನೊಂದ್ಸಲ ಮಾಡಪ್ಪ,” ಅಂದಳು.