ಅಪೂರ್ವಳ ಖೋ ಖೋ

ಲಕ್ಷ್ಮೀಪತಿ ಮೇಷ್ಟ್ರು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಕಲಿಸಿದವರು. ಅವರ ಖೋ ಖೋ ತಂಡ ಮೂರು ಸಲ ಜಿಲ್ಲಾ ಮಟ್ಟದಲ್ಲಿ ಗೆದ್ದಿತ್ತು. ಎಂಥ ಮಕ್ಕಳನ್ನೂ ಸಾಲಿಗೆ ತರುವುದು ತಮಗೆ ನೀರು ಕುಡಿದಷ್ಟು ಸುಲಭ ಎಂದು ಅವರು ನಂಬಿದ್ದರು. ಹಾಗಾಗಿ ನಿವೃತ್ತಿಯ ನಂತರ ಮೊಮ್ಮಗಳನ್ನು ನೋಡಿಕೊಳ್ಳುವ ಹೊಣೆ ಬಂದಾಗ ಅವರಿಗೆ ಭಯವೇನೂ ಆಗಲಿಲ್ಲ.

ಮೊಮ್ಮಗಳು ಅಪೂರ್ವಳಿಗೆ ಏಳು ವರ್ಷ. ಆಟಿಸಂ ಇದೆ ಎಂದು ಡಾಕ್ಟರು ಹೇಳಿದ್ದು ಅವಳಿಗೆ ಮೂರು ತುಂಬಿದಾಗ. ಮಾತು ಇಲ್ಲವೆನ್ನುವಷ್ಟು ಕಡಿಮೆ. ಏನಾದರೂ ಬೇಕಾದರೆ ದೊಡ್ಡವರ ಕೈ ಹಿಡಿದು ಅಲ್ಲಿಗೇ ಎಳೆದುಕೊಂಡು ಹೋಗುತ್ತಾಳೆ. ಮೇಷ್ಟ್ರ ಮಗಳು ಚೇತನಾ, ಅಳಿಯ ಮುರಳೀಕೃಷ್ಣ ಇಬ್ಬರೂ ಆಫೀಸಿಗೆ ಹೋಗುವವರು. ಬಸವೇಶ್ವರನಗರದ ಮನೆಯಿಂದ ವಾರಕ್ಕೆ ಮೂರು ಮಧ್ಯಾಹ್ನ ಸ್ಕೂಟರಿನಲ್ಲಿ ಅವಳನ್ನು ವಿಜಯನಗರದ ಥೆರಪಿ ಸೆಂಟರಿಗೆ ಕರೆದೊಯ್ಯುವ ಕೆಲಸ ಮೇಷ್ಟ್ರ ಪಾಲಿಗೆ ಬಂತು.

ಅಲ್ಲಿನ ಥೆರಪಿಸ್ಟ್ ಕಲಾವತಿ ಹಾವೇರಿ ಕಡೆಯವರು. ಬೆಂಗಳೂರಿಗೆ ಬಂದು ಆರು ವರ್ಷವಾಗಿದ್ದರೂ ಮಾತಿನ ಧಾಟಿ ಬಿಟ್ಟಿರಲಿಲ್ಲ.

"ಮನ್ಯಾಗ ದಿನಾ ಇಪ್ಪತ್ತು ನಿಮಿಷ ಆಕಿ ಜೋಡಿ ಆಟ ಆಡ್ರಿ ಸರ್. ಹೆಚ್ಚಿಗಿ ಏನೂ ಬ್ಯಾಡ," ಎಂದರು.

ಇಷ್ಟೇನಾ ಅನ್ನಿಸಿತು ಮೇಷ್ಟ್ರಿಗೆ. ಮರುದಿನವೇ ಅಟ್ಟದಿಂದ ಚೆಂಡು, ರಿಂಗು, ಹಳೆಯ ಸೀಟಿ ಎಲ್ಲ ಇಳಿದವು. ಮನೆ ಮುಂದಿನ ಪೋರ್ಟಿಕೋದಲ್ಲಿ ಅಪೂರ್ವಳನ್ನು ನಿಲ್ಲಿಸಿ, "ಇಲ್ಲಿ ನೋಡಮ್ಮ. ಹಿಡಿ!" ಎಂದು ಚೆಂಡು ಎಸೆದರು. ಚೆಂಡು ಅವಳ ಎದೆಗೆ ತಾಗಿ ಕೆಳಗೆ ಬಿತ್ತು. ಅವಳು ನೋಡುತ್ತಿದ್ದದ್ದು ಗೇಟಿನ ನೆರಳನ್ನು. ಮೂರು ದಿನ ಹೀಗೇ ಹೋಯಿತು. ನಾಲ್ಕನೆಯ ದಿನ ತಾಳ್ಮೆ ಕೆಟ್ಟು, ಅಭ್ಯಾಸಬಲದಿಂದ, ಮೇಷ್ಟ್ರು ಸೀಟಿ ಊದಿಬಿಟ್ಟರು.

ಅಪೂರ್ವ ಎರಡೂ ಕಿವಿ ಮುಚ್ಚಿಕೊಂಡು ಕಿರುಚಿದಳು. ಕಿರುಚುತ್ತಲೇ ಹೋಗಿ ಕಾಂಪೌಂಡಿಗೆ ಹಣೆ ಚಚ್ಚಿಕೊಂಡಳು, ಒಂದಲ್ಲ ಮೂರು ಸಲ. ಮೇಷ್ಟ್ರು ಓಡಿ ಹೋಗಿ ಗೋಡೆಗೂ ಅವಳ ಹಣೆಗೂ ನಡುವೆ ತಮ್ಮ ಕೈಯಿಟ್ಟರು. ಸಮಾಧಾನವಾಗಲು ಮುಕ್ಕಾಲು ಗಂಟೆ ಬೇಕಾಯಿತು.

ಸಂಜೆ ಚೇತನಾ ಬಂದು ಮಗಳ ಹಣೆಯ ಬುಗುಟು ನೋಡಿದಳು. ಜಗಳವಾಡಲಿಲ್ಲ. "ಅಪ್ಪ, ಅವಳು ನಿಮ್ಮ ಸ್ಟೂಡೆಂಟ್ ಅಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಮೇಷ್ಟ್ರಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮುಂದಿನ ಸಲ ಸೆಂಟರಿಗೆ ಹೋದಾಗ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಕಲಾವತಿಯವರಿಗೆ ಹೇಳಿದರು. ಆಕೆ ಕೇಳಿದ್ದು ಒಂದೇ: "ಆಕಿ ಒಬ್ಬಾಕಿನ ಇದ್ದಾಗ ಏನ್ ಮಾಡ್ತಾಳ್ರಿ ಸರ್?"

ಒಂದೇ ಮನೆಯಲ್ಲಿದ್ದೂ ಮೇಷ್ಟ್ರು ಅದನ್ನು ಗಮನಿಸಿರಲಿಲ್ಲ.

"ಒಂದ್ ವಾರ ಏನೂ ಕಲಿಸಬ್ಯಾಡ್ರಿ. ಆಕಿ ಏನ್ ಮಾಡ್ತಾಳೋ ನೀವೂ ಅದನ್ನ ಮಾಡ್ರಿ. ಅಷ್ಟ."

ಅಪೂರ್ವ ಮಾಡುತ್ತಿದ್ದದ್ದು ಇದು: ಪೋರ್ಟಿಕೋದ ಕಂಬಕ್ಕೆ ಅಂಗೈ ಆನಿಸಿ ಸುತ್ತು ಹಾಕುವುದು. ಇಪ್ಪತ್ತು, ಮೂವತ್ತು ಸುತ್ತು. ಸಾಕಾದಾಗ ತಣ್ಣನೆ ನೆಲದ ಮೇಲೆ ಮಲಗುವುದು, ಮತ್ತೆ ಏಳುವುದು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ಇನ್ನೊಂದು ಕಂಬ ಹಿಡಿದರು. ಎದುರುಮನೆ ಜಗದಾಂಬಾ ಬಟ್ಟೆ ಒಣಗಿಸುವುದನ್ನು ನಿಲ್ಲಿಸಿ ನೋಡತೊಡಗಿದಾಗ ಮೇಷ್ಟ್ರಿಗೆ ನಾಚಿಕೆಯಾಯಿತು. ಆದರೂ ಬಿಡಲಿಲ್ಲ. ಹತ್ತು ಸುತ್ತಿಗೆ ತಲೆ ತಿರುಗಿ ಮೆಟ್ಟಿಲ ಮೇಲೆ ಕುಳಿತರು.

ಐದನೆಯ ಸಂಜೆ ಅಪೂರ್ವ ನಡುವೆ ನಿಂತಳು. ತಾತ ಸುತ್ತುವುದನ್ನು ಸ್ವಲ್ಪ ಹೊತ್ತು ನೋಡಿದಳು. ಬಂದು ಅವರ ಭುಜ ಹಿಡಿದು ಹಿಂದುಮುಂದಾಗಿ ತಿರುಗಿಸಿ, ಬೆನ್ನಿಗೆ ಎರಡೂ ಕೈಯಿಟ್ಟು ತಳ್ಳಿದಳು. ಇಷ್ಟು ದಿನವೂ ಅವರು ತಪ್ಪು ದಿಕ್ಕಿಗೆ ಸುತ್ತುತ್ತಿದ್ದರು! ಮೇಷ್ಟ್ರು ನಾಲ್ಕು ಹೆಜ್ಜೆ ಹೋಗಿ ಬೇಕೆಂದೇ ನಿಂತರು. ಅವಳು ಮತ್ತೆ ತಳ್ಳಿದಳು. ಮತ್ತೆ ನಿಂತರು. ಮತ್ತೆ ತಳ್ಳಿದಳು, ಈ ಸಲ ನಗುತ್ತ. ಅದು ಆಟವಾಗಿಬಿಟ್ಟಿತ್ತು.

ಕಲಾವತಿ ಇನ್ನೊಂದು ಆಟವನ್ನೂ ಹೇಳಿಕೊಟ್ಟರು. ತಲೆ ಹೊರಗಿರುವಂತೆ ಅಪೂರ್ವಳನ್ನು ಜಮಖಾನದಲ್ಲಿ ಸುತ್ತಿ, ಮೇಲಿನಿಂದ ಅಂಗೈಯಲ್ಲಿ ಗಟ್ಟಿಯಾಗಿ ಒತ್ತುವುದು. ಹಗುರವಾಗಿ ಮುಟ್ಟಿದರೆ ಅವಳಿಗೆ ಇರುವೆ ಹರಿದಂತೆ ಆಗುತ್ತದೆ, ಗಟ್ಟಿ ಒತ್ತು ಹಿತ ಎಂದು ವಿವರಿಸಿದರು. ಸ್ಕೂಟರಿನಲ್ಲಿ ಮನೆಗೆ ಬರುವಾಗ ಮೇಷ್ಟ್ರ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ಸುತ್ತಲು ಕಂಬ, ಬೆನ್ನಿಗೆ ಕೈ. ಇಷ್ಟಿದ್ದರೆ ಖೋ ಖೋಗೆ ಇನ್ನೇನು ಬೇಕು?

ಭಾನುವಾರ ಬೆಳಿಗ್ಗೆ ಲೇಔಟಿನ ಪಾರ್ಕಿನಲ್ಲಿ ಆಡುತ್ತಿದ್ದ ಆರು ಮಕ್ಕಳನ್ನು ಕರೆದರು. ಒಂದು ತುದಿಗೆ ಲೈಟು ಕಂಬ, ಇನ್ನೊಂದು ತುದಿಗೆ ಹೊಂಗೆ ಮರ, ನಡುವೆ ರಂಗೋಲಿ ಪುಡಿಯ ಗೆರೆ. "ಖೋ ಅಂತ ಕಿರುಚಬಾರದು, ಮೆತ್ತಗೆ ಹೇಳ್ಬೇಕು. ಬೆನ್ನಿಗೆ ತಟ್ಟಬಾರದು, ಎರಡೂ ಕೈಯಿಟ್ಟು ಒತ್ತಬೇಕು," ಎಂದರು.

ಹತ್ತು ವರ್ಷದ ಸಮರ್ಥ ತಕರಾರು ತೆಗೆದ. "ತಾತ, ಹಂಗೆ ಒತ್ತೋ ಅಷ್ಟರಲ್ಲಿ ಓಡೋನು ಓಡ್ಹೋಗ್ತಾನೆ."

"ಓಡ್ಲಿ ಬಿಡೋ."

ಸಮರ್ಥನ ತಂಗಿ ಅಪೂರ್ವಳನ್ನೇ ನೋಡುತ್ತಿದ್ದಳು. "ಅವ್ಳು ಯಾಕೆ ಮಾತಾಡಲ್ಲ?"

"ಅವಳಿಗೆ ಆಟಿಸಂ ಇದೆ ಕಣಮ್ಮ. ಗಲಾಟೆ ಜಾಸ್ತಿ ಆದ್ರೆ ತಡ್ಕೊಳ್ಳೋಕಾಗಲ್ಲ. ನೀವು ಹೇಳಿದ್ದು ಎಷ್ಟೋ ಅರ್ಥ ಆಗತ್ತೆ, ತಿರುಗಿ ಹೇಳೋದು ಕಷ್ಟ."

"ನಮ್ ಕ್ಲಾಸಲ್ಲೂ ಒಬ್ಬ ಇದಾನೆ," ಎಂದು ಆ ಹುಡುಗಿ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಮೊದಲ ಭಾನುವಾರ ಅಪೂರ್ವ ಗೆರೆಯ ಮೇಲೆ ಮಲಗಿ ರಂಗೋಲಿ ಪುಡಿ ಕೆದಕಿದಳು. ಎರಡನೆಯ ಭಾನುವಾರ ಪಾರ್ಕಿನ ಗೇಟು ದಾಟಲೇ ಇಲ್ಲ. ಮೂರನೆಯ ಭಾನುವಾರ ಸಮರ್ಥನ ತಂಗಿ ಅವಳ ಬೆನ್ನು ಒತ್ತಿ ಮೆಲ್ಲನೆ "ಖೋ" ಎಂದಾಗ, ಎದ್ದಳು. ಎದ್ದವಳು ಯಾರನ್ನೂ ಅಟ್ಟಿಸಿಕೊಂಡು ಹೋಗದೆ ನೇರ ಲೈಟು ಕಂಬಕ್ಕೆ ಹೋಗಿ ಸುತ್ತತೊಡಗಿದಳು. ಐದು ಸುತ್ತು, ಎಂಟು ಸುತ್ತು. ಆಟ ನಿಂತಿತು. ಸಾಲಿನಲ್ಲಿ ಕುಳಿತವರು ತಿರುಗಿ ನೋಡಿದರು.

ಓಡುವ ಸರದಿ ಸಮರ್ಥನದು. ಸ್ವಲ್ಪ ಹೊತ್ತು ಕಾದ. ಬೇಸರವಾಗಿ ತಾನೂ ಕಂಬದ ಹತ್ತಿರ ಹೋಗಿ ಸುತ್ತತೊಡಗಿದ, ಎದುರು ದಿಕ್ಕಿಗೆ. ಇಬ್ಬರೂ ಮುಖಾಮುಖಿಯಾದರು. ಕಿರುಚುತ್ತಾಳೇನೋ ಎಂದು ಮೇಷ್ಟ್ರು ಹೆಜ್ಜೆ ಮುಂದಿಟ್ಟರು. ಅಷ್ಟರಲ್ಲಿ ಅಪೂರ್ವ ಅವನ ಭುಜ ಹಿಡಿದು ತಿರುಗಿಸಿ, ಬೆನ್ನಿಗೆ ಎರಡೂ ಕೈಯಿಟ್ಟು ತಳ್ಳಿದಳು.

"ಔಟ್!" ಎಂದು ಅವನ ತಂಗಿ ಕೂಗಿ, ಕೂಡಲೇ ಬಾಯಿ ಮುಚ್ಚಿಕೊಂಡಳು.

"ಇದ್ ಔಟಲ್ಲ ತಾತ! ನಾನೇ ಹೋಗಿ ಸಿಕ್ಕಿದ್ದು!"

"ಹೋಗು ಅಂತ ಯಾರ್ ಹೇಳಿದ್ರೋ? ಔಟೇ. ಬಂದು ಕೂತ್ಕೊ."

ಸಮರ್ಥ ಗೊಣಗುತ್ತ ಬಂದು ಕುಳಿತ. ಕಂಬದ ಬಳಿ ಅಪೂರ್ವ ತನ್ನ ಸುತ್ತು ಮುಂದುವರಿಸಿದ್ದಳು. ಸಮರ್ಥನ ನಂತರ ಓಡಬೇಕಿದ್ದ ಹುಡುಗ ಯಾರೂ ಹೇಳದೆಯೇ ಅತ್ತ ಹೋಗಿ ಎದುರು ದಿಕ್ಕಿನಲ್ಲಿ ನಿಂತ.

ಪಾರ್ಕಿನ ಗೇಟಿನ ಹತ್ತಿರ ಚೇತನಾ ತರಕಾರಿ ಚೀಲ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ ಮೇಷ್ಟ್ರು ನೋಡಿರಲಿಲ್ಲ. ಅವರು ಹತ್ತಿರ ಹೋದಾಗ ಅವಳು ಕಣ್ಣೊರೆಸಿಕೊಂಡು, "ಅಪ್ಪ, ಮುಂದಿನ ವಾರ ನಾನೂ ಸಾಲಲ್ಲಿ ಕೂರ್ಲಾ?" ಎಂದಳು.

"ಕೂರು. ಆದ್ರೆ ಮಂಡಿ ನೋಯತ್ತೆ, ಈಗ್ಲೇ ಹೇಳಿರ್ತೀನಿ."

ಮುಂದಿನ ವಾರ ಅಪೂರ್ವಳಿಗೆ ನೆಗಡಿಯಾಗಿ ಯಾರೂ ಹೋಗಲಿಲ್ಲ. ಅದರ ಮುಂದಿನ ವಾರ ಚೇತನಾ ಚೂಡಿದಾರದ ದುಪಟ್ಟಾ ಸೊಂಟಕ್ಕೆ ಕಟ್ಟಿ, ಸಮರ್ಥನ ಮತ್ತು ಅವನ ತಂಗಿಯ ನಡುವೆ ಕುಕ್ಕರಗಾಲಿನಲ್ಲಿ ಕುಳಿತಳು. ಓಡುವ ಸರದಿ ಬಂದಾಗ ಲೈಟು ಕಂಬದ ಬಳಿ ಮಗಳ ಎರಡೂ ಕೈ ಬೆನ್ನಿಗೆ ಬಿದ್ದು ಮೂರೇ ನಿಮಿಷದಲ್ಲಿ ಔಟಾದಳು.