ಅಲ್ಲಾಡದೆ ಕೂತ ಎರಡು ಗಂಟೆ

ನಿಶ್ಚಿತಕ್ಕನ ಚಪ್ಪಲಿಯೊಳಗೆ ಬಿಡಬೇಕೆಂದು ಭಂಡಿಗಡಿಯ ಹಳ್ಳದ ಬದಿಯಲ್ಲಿ ಮೂರು ಉಂಬಳ ಹಿಡಿದು, ಬೆಂಕಿಪೊಟ್ಟಣಕ್ಕೆ ತುಂಬಿ, ಅಂಗಿ ಜೇಬಿನಲ್ಲಿಟ್ಟುಕೊಂಡು ಕೊಪ್ಪದ ಬಸ್ಸು ಹತ್ತಿದ್ದೆ. ರಕ್ತ ಹೀರುವ ಆ ಹುಳ ಕಂಡರೆ ಚಿಕ್ಕಪ್ಪನ ಈ ಮಗಳು ಊರಿಗೇ ಕೇಳುವಂತೆ ಕಿರುಚುತ್ತಾಳೆ.

ಹೋದಾಗ ಅವರ ಮನೆಯ ಕಾರ್ ಶೆಡ್ಡಿನಲ್ಲಿ ಕ್ಯಾನ್ವಾಸ್ ನಿಲ್ಲಿಸಿಕೊಂಡು ನನಗೇ ಕಾಯುತ್ತಿದ್ದಳು.

"ಬಾರೋ ಈಶಾನ, ಸ್ಟೂಲ್ ಮೇಲೆ ಕೂತ್ಕೊ. ಎರಡು ಗಂಟೆ ಅಲ್ಲಾಡ್ಬಾರ್ದು."

"ಈ ಮುಖಕ್ಕೆ ಪೇಂಟಿಂಗ್ ಸಾಲಲ್ಲ ಅಕ್ಕಾ. ಕಟೌಟೇ ಬೇಕು. ಹಾಲಿನ ಅಭಿಷೇಕ ನನ್ನ ಖರ್ಚು."

ಅವಳು ನಗಲಿಲ್ಲ. "ಹೋದ್ವರ್ಷ ಸೀಟಿಗೆ ಅಂತ ಕಳ್ಸಿದ್ ಚಿತ್ರನ ಆರ್ಟ್ ಕಾಲೇಜ್ನೋರು, ಇದು ಫೋಟೋ ಮೇಲೆ ಬಳ್ದಿದ್ದು ಅಂತ ವಾಪಸ್ ಕಳ್ಸಿದ್ರು. ಈ ಸಲ ಖಾಲಿ ಕ್ಯಾನ್ವಾಸಿಂದ ಶುರುಮಾಡಿ, ಒಂದೇ ಸಿಟ್ಟಿಂಗಲ್ಲಿ ಮುಗಿಸ್ಬೇಕು. ಪೂರ್ತಿ ವಿಡಿಯೋ, ಎಲ್ಲೂ ಕಟ್ ಇರ್ಬಾರ್ದು. ಸಂಜೆ ಐದರೊಳ್ಗೆ ಕಳಿಸ್ಬೇಕು. ಇದೂ ಹೋದ್ರೆ ಬಿ.ಎಡ್. ಸೇರು ಅಂದಿದಾರೆ ಅಪ್ಪ."

ಗಡಿಯಾರದಲ್ಲಿ ಎರಡೂವರೆ. ಅವಳು ಚಪ್ಪಲಿ ಬಿಟ್ಟು ನಿಂತು ಮೊಬೈಲಿನ ರೆಕಾರ್ಡಿಂಗ್ ಒತ್ತಿದಳು. ನಾನು ಹೀರೋ ನಗೆ ನಕ್ಕೆ.

ಅರ್ಧ ಗಂಟೆ ಕಳೆದಿರಬೇಕು. ಬೆಂಕಿಪೊಟ್ಟಣ ಬಾಯಿಬಿಟ್ಟಿತ್ತೋ ಏನೋ, ಜೇಬಿನಿಂದ ಮೊದಲನೆಯದು ತಲೆಯೆತ್ತಿತು. ಬಾಲದ ಮೇಲೆ ನಿಂತು, ಗಾಳಿಯಲ್ಲಿ ತೂಗಿ, ನನ್ನನ್ನೇ ಮೂಸಿ ನೋಡಿತು. ಎಂಟ್ರಿ ಅಂದರೆ ಅದು. ಆಮೇಲೆ ಕಾಲರಿನ ಮೇಲೆ ಹತ್ತಿ ಕುತ್ತಿಗೆಗೆ ಬಂದು ಕಚ್ಚಿತು. ತಣ್ಣಗೆ, ಲೋಳೆ ಲೋಳೆ. ಮೂಗಿನ ಸಿಂಬಳಕ್ಕೇ ಜೀವ ಬಂದು ಗೇಣು ಹಾಕಿ ನಡೆದಂತೆ. ಎರಡನೆಯದು ಗಲ್ಲದವರೆಗೆ ಹೋಗಿ, ತುಟಿಯ ಮೂಲೆಯಲ್ಲಿ ಸ್ವಲ್ಪ ತಡಕಾಡಿ, ಅಲ್ಲೇ ಕಚ್ಚಿಕೊಂಡಿತು. ಬೆಳಗ್ಗೆ ತಿಂದ ಕಡುಬು ಗಂಟಲಿಗೆ ಬಂತು. ನುಂಗಿದೆ. ಮತ್ತೆ ಬಂತು. ಮತ್ತೆ ನುಂಗಿದೆ.

ನಿಶ್ಚಿತಕ್ಕನ ಬ್ರಷ್ಷು ಗಾಳಿಯಲ್ಲೇ ನಿಂತಿತು. ನನ್ನ ತುಟಿ ನೋಡಿದಳು. ಮುಖ ಬಿಳುಚಿತು.

"ನಿಲ್ಸ್ಬೇಡ," ಎಂದೆ, ಬಾಯಿ ಅಲ್ಲಾಡಿಸದೆ.

ಅವಳು ಬಟ್ಟೆ ತೆಗೆದುಕೊಂಡು ಹಸಿ ಬಣ್ಣದಲ್ಲಿದ್ದ ನನ್ನ ನಗುವನ್ನು ಒಂದೇ ಸಲಕ್ಕೆ ಒರೆಸಿ ಹಾಕಿದಳು. ಎಣ್ಣೆಬಣ್ಣ ಒಣಗಿರಲಿಲ್ಲ, ಎಲ್ಲಾ ಬಂತು. ಅಲ್ಲಿ ಬೇರೆ ಬಾಯಿ ಬರೆಯತೊಡಗಿದಳು. ನನ್ನ ಕುತ್ತಿಗೆಯಿಂದ ರಕ್ತ ಇಳಿದು ಬಿಳಿ ಅಂಗಿ ಒದ್ದೆಯಾಯಿತು. ಟರ್ಪೆಂಟೈನ್ ವಾಸನೆಗೆ ರಕ್ತದ ವಾಸನೆ ಸೇರಿತು. ಅವಳು ಕೆಂಪು ಟ್ಯೂಬ್ ಹಿಂಡಿಕೊಂಡಳು.

ನಾಲ್ಕೂವರೆಗೆ ರೆಕಾರ್ಡಿಂಗ್ ನಿಲ್ಲಿಸಿದಳು. ನಾನು ಓಡಿಹೋಗಿ ಹಿತ್ತಿಲಲ್ಲಿ ಕಡುಬೆಲ್ಲ ಕಕ್ಕಿ, ಎರಡನ್ನೂ ಕಿತ್ತೆಸೆದು ಬಂದೆ.

ಕ್ಯಾನ್ವಾಸಿನಲ್ಲಿ ನಾನಿದ್ದೆ. ಹೇಸಿಗೆಯಿಂದ ಸಿಂಡರಿಸಿದ ಮುಖ, ತುಟಿಯ ಮೂಲೆಯಲ್ಲಿ ಒಂದೇ ಎಳೆತದ ಕರಿ ಉಂಬಳ. ಇಡೀ ಚಿತ್ರದಲ್ಲಿ ಜೀವ ಇದ್ದದ್ದು ಅದಕ್ಕೇ.

"ಅದೊಂದು ಅಳ್ಸು ಅಕ್ಕಾ. ಮರ್ಯಾದೆ ಪ್ರಶ್ನೆ."

"ಕ್ಯಾಮೆರಾ ಮುಂದೆ ಮುಗ್ದಿದ್ದು ಮುಗೀತು. ಎಲ್ಲಿಂದ ಬಂದ್ವು ಅವು?"

"ನಾನೇ ತಂದಿದ್ದು. ನಿನ್ನ ಚಪ್ಪಲಿಗೆ ಹಾಕೋಣ ಅಂತ. ಮೂರಿತ್ತು."

ಅವಳು ಮೊಬೈಲಿನಲ್ಲಿ ಅಪ್‌ಲೋಡ್ ಒತ್ತಿದಳು. ಗೆರೆ ತುದಿ ಮುಟ್ಟುವವರೆಗೂ ರೆಪ್ಪೆ ಮಿಟುಕಿಸಲಿಲ್ಲ. ಐದಕ್ಕೆ ನಾಲ್ಕು ನಿಮಿಷ ಇತ್ತು. ಆಮೇಲೆ ಗೋಡೆ ಹಿಡಿದುಕೊಂಡು ಎಡಗಾಲು ಮುಂದೆ ಚಾಚಿದಳು. ಬೆರಳ ಸಂದಿಯಲ್ಲಿ ಮೂರನೆಯದು, ನೇರಳೆಹಣ್ಣಿನಷ್ಟು ಊದಿಕೊಂಡು ನೇತಾಡುತ್ತಿತ್ತು.

"ಒಂದು ಗಂಟೆ ಆಯ್ತು. ಕೆಳಗೆ ನೋಡಿದ್ರೆ ಕಿರುಚ್ತಿದ್ದೆ. ಅದ್ಕೇ ನೋಡ್ಲಿಲ್ಲ." ಈಗಲೂ ಅವಳು ಛಾವಣಿಯನ್ನೇ ನೋಡುತ್ತಿದ್ದಳು. "ತೆಗಿ."

"ತಡಿ, ಉಪ್ಪು ತರ್ತೀನಿ."

"ಉಪ್ಪಲ್ಲ. ಕೈಲಿ."

ಮಂಡಿಯೂರಿ ಎರಡು ಬೆರಳಲ್ಲಿ ಹಿಡಿದೆ. ಬೆಚ್ಚಗಿತ್ತು, ಜಾರುತ್ತಿತ್ತು. ಎಳೆದೆ. ಅವಳನ್ನು ಬಿಟ್ಟು ನನ್ನ ಹೆಬ್ಬೆರಳಿಗೆ ಅಂಟಿಕೊಂಡಿತು.