ಕೆಟ್ಟು ನಿಂತ ಎಂಜಿನ್‌ಗಳ ಬೇಸಿಗೆ

ನನ್ನ ಗಂಡ ಆರ್ಲಿನ್‌ನಷ್ಟು ಒಳ್ಳೆಯ ಮನುಷ್ಯ ಮಿಸಿಸಿಪ್ಪಿ ನದಿಯ ಎರಡೂ ದಡ ಹುಡುಕಿದರೂ ಸಿಗಲಾರ. ನನ್ನ ತಕರಾರೇ ಅದು.

ಕೆಟ್ಟು ನಿಂತ ದೋಣಿಗಳನ್ನು ಎಳೆದು ತರುವುದು ಅವನ ಕಸುಬು. ವರ್ಷಕ್ಕೊಂದು ಸಲ ಚಂದಾ ಕಟ್ಟಿದರೆ ಸಾಕು, ನದಿಯ ನಡುವೆ ಎಂಜಿನ್ ಸತ್ತಾಗ ವೈರ್‌ಲೆಸ್‌ನಲ್ಲಿ ಕರೆದರೆ ಬಂದು, ಹಗ್ಗ ಕಟ್ಟಿ, ಚಂದಾದಾರರು ಹೇಳಿದ ಕಡೆಗೆ ಎಳೆದು ಬಿಡುತ್ತಾನೆ. ತನ್ನ ಹಳದಿ ದೋಣಿಯ ಪಕ್ಕೆಯ ಮೇಲೆ ಕೈಯಾರೆ ಕೆಂಪು ಬಣ್ಣದಲ್ಲಿ ಬರೆದಿದ್ದಾನೆ: 'ಎಷ್ಟು ಸಲ ಕರೆದರೂ ಬರುತ್ತೇವೆ.' ಆ 'ಬರುತ್ತೇವೆ' ಅನ್ನುವುದರಲ್ಲಿ ಇರುವ ಇನ್ನೊಬ್ಬಳು ನಾನು, ವೆಲ್ಡಾ. ಅಡುಗೆಮನೆ ಕಿಟಕಿಯಲ್ಲಿ ವೈರ್‌ಲೆಸ್ ಇಟ್ಟುಕೊಂಡು ಕರೆಗಳಿಗೆ ಉತ್ತರ ಕೊಡುವುದು ನನ್ನ ಪಾಲಿನ ಕೆಲಸ. ಅವನು ನದಿ ಮೇಲೆ, ನಾನು ಕುರ್ಚಿ ಮೇಲೆ. ಮದುವೆಯಾದಾಗಿನಿಂದ ಹೀಗೇ.

ನಾನು ಅವನ ಹತ್ತಿರ ಚಿನ್ನ ಕೇಳಿಲ್ಲ, ಬಣ್ಣ ಕೇಳಿಲ್ಲ. ಊರಿಂದ ಕೆಳಗೆ ನದಿಯ ಮಧ್ಯದಲ್ಲಿ ಕೊಕ್ಕರೆ ದಿಬ್ಬ ಅಂತ ಒಂದು ಮರಳುದಿಬ್ಬ ಇದೆ. ನನ್ನನ್ನು ಮದುವೆಯಾಗುತ್ತೀಯಾ ಎಂದು ಅವನು ಕೇಳಿದ್ದು ಅಲ್ಲಿ. "ಪ್ರತಿ ವರ್ಷ ಈ ದಿನ ನಿನ್ನ ಇಲ್ಲಿಗೆ ಕರ್ಕೊಂಡ್ ಬರ್ತೀನಿ, ಇಬ್ರೇ ಕೂತು ಊಟ ಮಾಡೋಣ" ಅಂದಿದ್ದ. ಆ ದಿನ ಆಗಸ್ಟ್ ಕೊನೆಗೆ ಬರುತ್ತದೆ, ಊರಿಗೆ ಊರೇ ದೋಣಿ ತೆಗೆದು ನದಿಗಿಳಿಯುವ ಕಾಲ. ಪ್ರತಿ ವರ್ಷ ಯಾವನೋ ಒಬ್ಬನ ಎಂಜಿನ್ ಸರಿಯಾಗಿ ಅವತ್ತೇ ಕೈಕೊಡುತ್ತದೆ. ಚಳಿಗಾಲದಲ್ಲಿ ಹೋಗೋಣವೆಂದರೆ ನದಿ ಕಲ್ಲಿನ ಹಾಗೆ ಹೆಪ್ಪುಗಟ್ಟಿರುತ್ತದೆ. ಹೀಗೆ ನಲವತ್ತು ವರ್ಷ ಹೋಯಿತು. ಈ ವರ್ಷ ಮಾತ್ರ, ಏನೇ ಆಗಲಿ, ಹೋಗಿಯೇ ಹೋಗುತ್ತೇವೆ ಎಂದು ಮಾತು ಕೊಟ್ಟಿದ್ದ. ನಾನೂ ನಂಬಿ ಹೊಸ ಊಟದ ಬುಟ್ಟಿ ಕೊಂಡಿದ್ದೆ.

ಅಷ್ಟರಲ್ಲಿ ಪೆಟ್ರೋಲ್ ಬೆಲೆ ಏರಿತು. ಸುಮ್ಮನೆ ಏರಲಿಲ್ಲ, ತಲೆ ಕೆಟ್ಟಂತೆ ಏರಿತು. ಮೇ ತಿಂಗಳಲ್ಲಿ ಜನ ಬಂಕಿನ ಮುಂದೆ ನಿಂತು ಬೋರ್ಡು ನೋಡಿ, ದೋಣಿ ತೊಳೆದು, ಮತ್ತೆ ಟಾರ್ಪಾಲು ಹೊದಿಸಿ ಮನೆಗೆ ಹೋದರು. ನನಗಂತೂ ಒಳಗೊಳಗೇ ಖುಷಿ. ದೋಣಿಗಳು ಹೊರಗೆ ಬರದಿದ್ದರೆ ಕೆಡುವುದೆಲ್ಲಿಂದ ಬಂತು?

ನನ್ನ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದವನು ವೆಂಡೆಲ್. ನಿವೃತ್ತ ಹಲ್ಲಿನ ಡಾಕ್ಟರು, ಮನೆಯಷ್ಟು ದೊಡ್ಡ ಬಿಳಿ ದೋಣಿಯ ಯಜಮಾನ. ದೋಣಿಯ ಹೆಸರು 'ಬಾಯಿ ತೆರೆಯಿರಿ'. ಜೂನ್ ತಿಂಗಳ ಒಂದು ಶನಿವಾರ ಅವನು ಹಗ್ಗ ಬಿಚ್ಚಿ, ಕಾಲಿನಿಂದ ದೋಣಿಕಟ್ಟೆಯನ್ನು ಒಂದು ಸಲ ಒದ್ದು, ಎಂಜಿನ್ ಮುಟ್ಟದೆ, ನದಿ ಹರಿದ ಕಡೆಗೆ ತೇಲಿಕೊಂಡು ಹೋದ. ಅಡ್ಡಡ್ಡವಾಗಿ ಹೋದ, ಒಮ್ಮೊಮ್ಮೆ ಹಿಂದುಮುಂದಾಗಿ ಹೋದ, ಆದರೆ ಹೋದ. ಭಾನುವಾರ ಸಂಜೆ ನನ್ನ ವೈರ್‌ಲೆಸ್ ಕಿರುಗುಟ್ಟಿತು.

"ವೆಲ್ಡಾ, ನಾನು ವೆಂಡೆಲ್. ಎಂಜಿನ್ ಸ್ಟಾರ್ಟ್ ಆಗ್ತಿಲ್ಲ. ಓವರ್."

"ಎಷ್ಟು ಜನ ಇದ್ದೀರಿ? ಎಲ್ಲರೂ ಲೈಫ್ ಜಾಕೆಟ್ ಹಾಕಿದ್ದೀರಾ? ಏನು ತೊಂದರೆ? ಓವರ್." ಇವು ಮೂರು ನಾನು ಎಲ್ಲರನ್ನೂ ಕೇಳಲೇಬೇಕಾದ ಪ್ರಶ್ನೆಗಳು.

"ನಾವಿಬ್ರೇ. ಹಾಕಿದ್ದೀವಿ. ತೊಂದರೆ ಏನೂಂತ ಹೇಳೋದು... ಎಂಜಿನ್‌ಗೆ ಇವತ್ತು ಯಾಕೋ ಮನಸ್ಸಿಲ್ಲ. ಓವರ್."

ಆರ್ಲಿನ್ ಹೋಗಿ ಎಳೆದು ತಂದ. ಮುಂದಿನ ಭಾನುವಾರ ವೆಂಡೆಲ್ ಮತ್ತೆ ಕರೆದ. ಅದರ ಮುಂದಿನ ವಾರ ಅವನ ಜತೆ ಇನ್ನೂ ನಾಲ್ಕು ದೋಣಿ. ಜುಲೈ ಹೊತ್ತಿಗೆ ಇಡೀ ಊರು ಶನಿವಾರ ತೇಲಿಕೊಂಡು ಕೆಳಗೆ ಹೋಗುವುದು, ಭಾನುವಾರ ನನ್ನ ಗಂಡನ ಹಗ್ಗ ಹಿಡಿದು ಮೇಲೆ ಬರುವುದು. ಹಳದಿ ದೋಣಿಯ ಹಿಂದೆ ಒಂದಕ್ಕೊಂದು ಕಟ್ಟಿಕೊಂಡು ರೈಲಿನ ಹಾಗೆ ಬರುತ್ತಿದ್ದರು, ಹಿಂದಿನವರು ಮುಂದಿನವರಿಗೆ ಆಲೂಗಡ್ಡೆ ಸಲಾಡ್ ದಾಟಿಸುತ್ತಾ.

ಕರೆಗಳನ್ನು ಕೇಳಬೇಕಿತ್ತು ನೀವು! ಒಬ್ಬನ ಎಂಜಿನ್ ಒಳಗೆ ಮೀನು ಹೊಕ್ಕಿತ್ತು. ಇನ್ನೊಬ್ಬಳದು ಸಪ್ಪೆ ಶಬ್ದ ಮಾಡುತ್ತಿತ್ತು. ನಮ್ಮ ಲೂಥರನ್ ಪಾದ್ರಿ ಸುಳ್ಳು ಹೇಳುವವರಲ್ಲ, ಪಾಪ. "ವೆಲ್ಡಾ, ಎಂಜಿನ್ ಸ್ಟಾರ್ಟ್ ಆಗುತ್ತೋ ಇಲ್ವೋ ದೇವರಿಗೇ ಗೊತ್ತು. ನಾನಂತೂ ಪ್ರಯತ್ನ ಮಾಡಿಲ್ಲ" ಎಂದರು.

ಊರಿನ ರೀತಿನೀತಿಯೇ ಬದಲಾಗಿಹೋಯಿತು. ಎಂಜಿನ್ ಹಾಕಿಕೊಂಡು ಹೋಗುವುದು ಜಂಬ ಅನ್ನಿಸಿಕೊಂಡಿತು. ಪರ ಊರಿನವನೊಬ್ಬ ಬುರ್ರೆಂದು ಹೋದರೆ ನಮ್ಮವರು ಮಕ್ಕಳ ಕಣ್ಣು ಮುಚ್ಚುತ್ತಿದ್ದರು. ಡೆಕ್ಕಿನ ಮೇಲೆ ಟೊಮೆಟೊ ಕುಂಡಗಳು ಬಂದವು, ಬಟ್ಟೆ ಒಣಹಾಕುವ ಹಗ್ಗ ಬಂತು. ಎಂಜಿನ್ ಸದ್ದಿಲ್ಲದ್ದರಿಂದ ಗಂಡ ಹೆಂಡಿರ ಜಗಳ ಎರಡೂ ದಡಕ್ಕೆ ಸ್ಪಷ್ಟವಾಗಿ ಕೇಳುತ್ತಿತ್ತು. ಭಾರ ಕಡಿಮೆಯಾದರೆ ಪೆಟ್ರೋಲ್ ಉಳಿಯುತ್ತದೆಂದು ವೆಂಡೆಲ್ ತನ್ನ ಲಂಗರನ್ನು ಮನೆಯಲ್ಲೇ ಇಟ್ಟು ಬಂದ, ಅವನನ್ನು ನೋಡಿ ಎಲ್ಲರೂ ಇಟ್ಟು ಬಂದರು. ಸುಡದೇ ಇರುವ ಪೆಟ್ರೋಲನ್ನು ಮತ್ತೆ ಉಳಿಸುವುದು ಹೇಗೆಂದು ಯಾರೂ ಕೇಳಲಿಲ್ಲ.

ಇಷ್ಟಾದರೂ ಆರ್ಲಿನ್‌ಗೆ ಒಂದು ಚೂರೂ ಅನುಮಾನ ಬರಲಿಲ್ಲ. ಅದೇ ಹೇಳಿದೆನಲ್ಲ, ಒಳ್ಳೆಯ ಮನುಷ್ಯ.

"ಈ ವರ್ಷದ ಪೆಟ್ರೋಲ್‌ನಲ್ಲೇ ಏನೋ ಕಲಬೆರಕೆ ಇದೆ ವೆಲ್ಡಾ. ಪಾಪ, ಒಂದು ಎಂಜಿನ್ನೂ ನೆಟ್ಟಗಿಲ್ಲ" ಎಂದ, ಊಟದ ಮೇಜಿನಲ್ಲಿ ಕೂತಲ್ಲೇ ತೂಕಡಿಸುತ್ತಾ.

"ಪೆಟ್ರೋಲ್‌ನಲ್ಲಿ ಅಲ್ಲ ಕಣೋ, ಮನುಷ್ಯರಲ್ಲಿ ಕಲಬೆರಕೆ! ಅವ್ರೆಲ್ಲ ನಿನ್ನ ಡೀಸೆಲ್ ಮೇಲೆ ಸವಾರಿ ಮಾಡ್ತಿದ್ದಾರೆ."

"ಛೆ, ಛೆ. ವೆಂಡೆಲ್ ನನ್ನ ಹಲ್ಲು ಕಿತ್ತಿದ್ದಾನೆ. ಅಂಥವನು ಸುಳ್ಳು ಹೇಳ್ತಾನಾ?"

"ಸರಿ ಬಿಡು. ನಮ್ಮ ದಿನ ಈ ಸಲ ಭಾನುವಾರ ಬೀಳುತ್ತೆ. ಅವತ್ತೂ ಕರೀತಾರೆ. ಆಗ?"

ಅವನು ಚಮಚ ಕೆಳಗಿಟ್ಟ. ನೋಡಲು ಕಷ್ಟವಾಗುವಷ್ಟು ಸಣ್ಣ ಮುಖ ಮಾಡಿಕೊಂಡ. "ಎಷ್ಟು ಸಲ ಕರೆದರೂ ಬರ್ತೀವಿ ಅಂತ ಬರ್ದಿದ್ದೀನಲ್ಲ, ವೆಲ್ಡಾ. ಕರೆದವರನ್ನ ನೀರಲ್ಲಿ ಬಿಡೋಕಾಗುತ್ತಾ?"

ಊರಿನವರಿಗೆ ಕೊಟ್ಟ ಮಾತು ದೋಣಿಯ ಮೇಲೆ ಕೆಂಪಕ್ಷರದಲ್ಲಿದೆ. ನನಗೆ ಕೊಟ್ಟ ಮಾತನ್ನು ಎಲ್ಲೂ ಬರೆದಿಲ್ಲ, ಅದಕ್ಕೇ ಅದಕ್ಕೆ ಬೆಲೆಯಿಲ್ಲ. ಅವತ್ತು ಪಾತ್ರೆ ತೊಳೆಯುವಾಗ ನನಗೆ ಅಳು ಬಂತು. ಅತ್ತುಬಿಟ್ಟೆ. ಆಮೇಲೆ ಕೋಪ ಬಂತು, ಕೋಪದ ಹಿಂದೆಯೇ ಒಂದು ಯೋಚನೆಯೂ ಬಂತು.

ಆ ಭಾನುವಾರ ಮಧ್ಯಾಹ್ನ ಆರ್ಲಿನ್ ದೋಣಿಕಟ್ಟೆಯಲ್ಲಿ ಹಗ್ಗ ಸುತ್ತುತ್ತಿದ್ದಾಗ ನಾನು ಚಂದಾ ಕಟ್ಟಿದೆ. ಅಡುಗೆಮನೆಯ ಡಬ್ಬದಿಂದ ತೆಗೆದು, ಅದೇ ಡಬ್ಬಕ್ಕೆ ಹಾಕಿ, ಮುಚ್ಚಳ ಮುಚ್ಚಿದೆ. ಬುಟ್ಟಿಗೆ ಹುರಿದ ಮೀನು, ಬೇಯಿಸಿದ ಜೋಳದ ತೆನೆ, ರುಬಾರ್ಬ್ ದಂಟಿನ ಹುಳಿಸಿಹಿ ಪೈ ತುಂಬಿದೆ. ಮನೆ ಹಿಂದಿನ ಕಟ್ಟೆಯಲ್ಲಿದ್ದ ನಮ್ಮ ಹಳೇ ತಗಡಿನ ದೋಣಿ ಹತ್ತಿ, ಕೈ ವೈರ್‌ಲೆಸ್ ತೊಡೆ ಮೇಲಿಟ್ಟುಕೊಂಡು ತೇಲಿಕೊಂಡು ಹೊರಟೆ. ತಿರುವಿನಲ್ಲಿ ಊರಿನವರ ಹದಿನಾಲ್ಕು ದೋಣಿಗಳು ಒಂದಕ್ಕೊಂದು ಅಂಟಿಕೊಂಡು ಬಿಸಿಲು ಕಾಯುತ್ತಾ ದಡದ ಮರಗಳಿಗೆ ಹಗ್ಗ ಬಿಗಿದು ನಿಂತಿದ್ದವು, ಕರೆಯುವ ಹೊತ್ತು ಇನ್ನೂ ಆಗಿರಲಿಲ್ಲ. ವೆಂಡೆಲ್ ಕೈ ಬೀಸಿದ. ನಾನೂ ಬೀಸಿದೆ. ಕೊಕ್ಕರೆ ದಿಬ್ಬದ ಹತ್ತಿರ ಬಂದ ಮೇಲೆ ಗುಂಡಿ ಒತ್ತಿದೆ.

"ಹಳದಿ ದೋಣಿಯವರೇ, ಎಂಜಿನ್ ಕೆಟ್ಟಿದೆ. ಕೊಕ್ಕರೆ ದಿಬ್ಬದ ಹತ್ತಿರ. ದಯವಿಟ್ಟು ಬನ್ನಿ. ಓವರ್."

ಗರಗರದ ನಡುವೆ ಆರ್ಲಿನ್‌ನ ದನಿ ಬಂತು. "ವೆಲ್ಡಾ? ನೀನಾ? ಅಲ್ಲೇನ್ ಮಾಡ್ತಿದ್ದೀಯಾ?"

"ನಾನು ಚಂದಾದಾರಳು. ಇವತ್ತಿನ ಮೊದಲನೇ ಕರೆ ನನ್ನದು. ಪ್ರಶ್ನೆ ಕೇಳೋದಿದ್ರೆ ಕೇಳಿ. ಓವರ್."

ಆ ಪ್ರಶ್ನೆಗಳನ್ನು ಅವನು ಯಾವತ್ತೂ ಕೇಳಿದವನಲ್ಲ. ತೊದಲಿದ. "ಎಷ್ಟು... ಎಷ್ಟು ಜನ ಇದ್ದೀರಿ? ಲೈಫ್ ಜಾಕೆಟ್ ಹಾಕಿದ್ದೀರಾ? ಏನು ತೊಂದರೆ? ಓವರ್."

"ಒಬ್ಬಳೇ ಇದ್ದೀನಿ. ಹಾಕಿದ್ದೀನಿ. ಗಂಡ ಸ್ಟಾರ್ಟ್ ಆಗ್ತಿಲ್ಲ. ಓವರ್."

ಬಂದ. ಹಳದಿ ದೋಣಿಯನ್ನು ಅಷ್ಟು ಜೋರಾಗಿ ಓಡಿಸಿದ್ದನ್ನು ನಾನು ಕಂಡೇ ಇರಲಿಲ್ಲ. ಬಂದವನೇ ನನ್ನ ದೋಣಿಗೆ ಹಗ್ಗ ಕಟ್ಟಿ, ಮೂತಿಯನ್ನು ಊರಿನ ಕಡೆ ತಿರುಗಿಸಿದ.

"ಎಲ್ಲಿಗೆ?" ಎಂದೆ.

"ಮನೆಗೆ."

"ಎಲ್ಲಿಗೆ ಎಳೀಬೇಕು ಅಂತ ಚಂದಾದಾರರು ಹೇಳ್ಬೇಕು. ನಿಯಮ ಮಾಡಿದ್ದು ನೀನೇ. ಆ ದಿಬ್ಬಕ್ಕೆ ಎಳಿ."

ಅವನು ದಿಬ್ಬ ನೋಡಿದ, ಬುಟ್ಟಿ ನೋಡಿದ, ನನ್ನನ್ನು ನೋಡಿದ. ಅವನ ಕಿವಿ ಕೆಂಪಾದವು. ಎಳೆದು ದಿಬ್ಬ ಮುಟ್ಟಿಸಿದ. ಮರಳಿನ ಮೇಲೆ ಕಂಬಳಿ ಹಾಸಿದೆ. ಇನ್ನೇನು ಮೀನು ಬಾಯಿಗಿಡಬೇಕು, ವೈರ್‌ಲೆಸ್ ಕಿರುಗುಟ್ಟಿತು.

"ವೆಲ್ಡಾ, ನಾನು ವೆಂಡೆಲ್. ನಮ್ಮ ಹದಿನಾಲ್ಕೂ ದೋಣೀದು ಕೆಟ್ಟಿದೆ. ಆರ್ಲಿನ್‌ನ ಕಳಿಸು. ಓವರ್."

ಆರ್ಲಿನ್ ಎದ್ದು ನಿಂತ. ನಾನು ಅವನ ಪ್ಯಾಂಟು ಹಿಡಿದು ಕೂರಿಸಿ ಗುಂಡಿ ಒತ್ತಿದೆ. "ಸರದಿ ಇದೆ. ಲಂಗರು ಹಾಕಿ ಕಾಯ್ತಿರಿ. ಓವರ್."

"ಲಂಗರು ಮನೇಲಿದೆ ಮಾರಾಯ್ತಿ! ನಮಗಿಂತ ಮುಂಚೆ ಎಷ್ಟು ಜನ ಇದ್ದಾರೆ?"

"ಒಬ್ಬಳು. ನಲವತ್ತು ವರ್ಷದಿಂದ ಕಾಯ್ತಿದ್ದಾಳೆ. ಓವರ್."

ಆರ್ಲಿನ್ ಹೇಗೂ ಬರುತ್ತಾನೆಂದು ಅಷ್ಟರಲ್ಲಿ ಅವರು ಹಗ್ಗ ಬಿಚ್ಚಿ ದಡ ಬಿಟ್ಟಾಗಿತ್ತು. ನಮ್ಮ ಕಣ್ಣೆದುರೇ ತೇಲಿ ಬಂದರು, ಒಬ್ಬರ ಹಿಂದೊಬ್ಬರು, ಅಡ್ಡಡ್ಡ, ಹಿಂದುಮುಂದು, ಟೊಮೆಟೊ ಕುಂಡಗಳ ಸಮೇತ. ಕೆಳಗೆ ಅಣೆಕಟ್ಟು. ಎಚ್ಚರಿಕೆಯ ಕಿತ್ತಳೆ ಬಣ್ಣದ ತೇಲುಗುಂಡುಗಳು ಇಲ್ಲಿಂದಲೇ ಕಾಣುತ್ತಿದ್ದವು. ಕೀಲಿ ತಿರುಗಿಸಿದರೆ ಮುಗಿಯಿತು, ಆದರೆ ಯಾರೂ ತಿರುಗಿಸಲಿಲ್ಲ. ಮೊದಲು ತಿರುಗಿಸಿದವನು ಇಡೀ ಬೇಸಿಗೆ ಸುಳ್ಳು ಹೇಳಿದವನು ಅನ್ನಿಸಿಕೊಳ್ಳುತ್ತಾನಲ್ಲ! ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತಾ ಫೋಟೋಗೆ ನಿಂತವರಂತೆ ಗಂಭೀರವಾಗಿ ನಮ್ಮ ಮುಂದೆ ಹಾದುಹೋದರು. "ಹಬ್ಬದೂಟಾನಾ?" ಎಂದು ಪಾದ್ರಿಗಳು ವಿಚಾರಿಸಿಕೊಂಡರು. "ಹೂಂ, ಪೈ ಇದೆ" ಎಂದೆ.

"ವೆಲ್ಡಾ, ಇದು ತಮಾಷೆ ಅಲ್ಲ" ಎಂದು ಆರ್ಲಿನ್ ಮತ್ತೆ ಎದ್ದ. "ಮಕ್ಕಳಿದ್ದಾರೆ ಅದ್ರಲ್ಲಿ."

"ನಿಮಿಷ ತಡಿ."

"ಅವ್ರ ಎಂಜಿನ್ ಕೆಟ್ಟಿದೆ ಕಣೇ!"

"ತಡೀ ಅಂದೆ."

ತೇಲುಗುಂಡುಗಳ ಹತ್ತಿರ ಪಾದ್ರಿಗಳು ಆಕಾಶ ನೋಡಿ ಕೀಲಿ ತಿರುಗಿಸಿದರು. ಎಂಜಿನ್ ಗುರ್ರೆಂದಿತು. ಅಷ್ಟೇ ಸಾಕಾಯಿತು. ಅದರ ಹಿಂದೆಯೇ ಒಂದು, ಎರಡು, ಆಮೇಲೆ ಎಣಿಸಲಾಗದ ಹಾಗೆ ಒಟ್ಟಿಗೆ ಗುಡುಗಿದವು. ಇಡೀ ಬೇಸಿಗೆ ಸತ್ತಿದ್ದ ಎಂಜಿನ್‌ಗಳಿಗೆ ಒಂದೇ ಸಲ ಜೀವ ಬಂತು. ನಮ್ಮ ಮುಂದೆ ಮೇಲಕ್ಕೆ ಹೋಗುವಾಗ ಒಬ್ಬರೂ ಈ ಕಡೆ ತಿರುಗಿ ನೋಡಲಿಲ್ಲ. ಎಲ್ಲರಿಗೂ ಎದುರು ದಡದಲ್ಲೇನೋ ಮುಖ್ಯವಾದದ್ದು ಕಂಡಿತ್ತು.

ಆರ್ಲಿನ್ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಮೊದಲು ಅವನಿಗೆ ಸಂತೋಷವಾಯಿತು, ಎಂಥ ಪವಾಡ ಎಂದು. ಆಮೇಲೆ ಮೆಲ್ಲಗೆ ಅರ್ಥವಾಯಿತು. ಅವನ ಮುಖ ಇಳಿದದ್ದನ್ನು ನೋಡಿ, ನಾನು ಗೆದ್ದೆ ಅನ್ನುವುದೇ ಮರೆತುಹೋಯಿತು.

"ವೆಂಡೆಲ್ ಕೂಡಾನಾ?" ಎಂದ.

"ವೆಂಡೆಲ್ಲೇ ಮೊದಲು."

ಅವನು ನನ್ನ ಪಕ್ಕ ಕೂತು ಜೋಳದ ತೆನೆ ಕೈಗೆತ್ತಿಕೊಂಡ. ಆಗ ಮತ್ತೆ ವೈರ್‌ಲೆಸ್.

"ವೆಲ್ಡಾ! ನಾನು ವೆಂಡೆಲ್! ನನ್ನದು ಸ್ಟಾರ್ಟ್ ಆಗ್ತಿಲ್ಲ! ಈ ಸಲ ನಿಜವಾಗ್ಲೂ! ಓವರ್!"

ಎಲ್ಲ ದೋಣಿಗಳಿಂದ ಒಟ್ಟಿಗೆ ನಗು ಕೇಳಿಬಂತು. "ಮನಸ್ಸಿಲ್ವಂತಾ ಎಂಜಿನ್‌ಗೆ?" ಎಂದು ಯಾರೋ ಕೂಗಿದರು. ಒಬ್ಬರೂ ಹಿಂದಕ್ಕೆ ತಿರುಗಲಿಲ್ಲ. ತೇಲುಗುಂಡುಗಳ ಕಡೆಗೆ 'ಬಾಯಿ ತೆರೆಯಿರಿ' ಒಂಟಿಯಾಗಿ ಸುತ್ತು ತಿರುಗುತ್ತಾ ಹೋಗುತ್ತಿತ್ತು. ವೆಂಡೆಲ್ ಮೂತಿಯ ತುದಿಯಲ್ಲಿ ನಿಂತು ಊಟದ ತಟ್ಟೆಯಿಂದ ನೀರು ತಳ್ಳುತ್ತಿದ್ದ.

"ಏನು ತೊಂದರೆ? ಓವರ್" ಎಂದೆ.

"ಪೆಟ್ರೋಲ್ ಇಲ್ಲ ತಾಯಿ! ಇಡೀ ಬೇಸಿಗೆ ಹಾಕಿಸಿಯೇ ಇಲ್ಲ!"

ಆರ್ಲಿನ್ ತೆನೆ ಕೆಳಗಿಟ್ಟ. ಏಳಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ, ನಾನು ಹೂಂ ಅನ್ನುವುದಕ್ಕೆ ಕಾದ. ಅಷ್ಟಾದರೆ ಸಾಕಿತ್ತು ನನಗೆ. ಪೈ ಎತ್ತಿಕೊಂಡು ಅವನಿಗಿಂತ ಮೊದಲು ಹಳದಿ ದೋಣಿ ಹತ್ತಿದೆ.

"ನೀನೂ ಬರ್ತೀಯಾ?"

"'ಬರುತ್ತೇವೆ' ಅಂತ ತಾನೇ ಬರ್ದಿರೋದು? ಓಡ್ಸು."

ಹಗ್ಗ ಎಸೆದವಳು ನಾನು. ಎರಡನೇ ಎಸೆತಕ್ಕೆ ವೆಂಡೆಲ್‌ನ ಎದೆಗೇ ಬಿತ್ತು, ಮೊದಲನೆಯದು ಬೇಕೆಂದೇ ತಪ್ಪಿಸಿದ್ದೆ. ಅವನು ಬಾಚಿ ಹಿಡಿದು ಗಂಟು ಹಾಕಿದ. ದಿಬ್ಬದ ಹತ್ತಿರ ನಮ್ಮ ತಗಡಿನ ದೋಣಿಯನ್ನೂ ಕಟ್ಟಿಕೊಂಡು ಮೇಲಕ್ಕೆ ಹೊರಟೆವು. ಹೊತ್ತು ಮುಳುಗುತ್ತಿತ್ತು. ನೀರು ಕೆಂಪಗಿತ್ತು. ನಾನು ಆರ್ಲಿನ್‌ನ ಪಕ್ಕದಲ್ಲಿ ನಿಂತಿದ್ದೆ, ಕುರ್ಚಿ ಮೇಲಲ್ಲ. ಇಬ್ಬರೂ ಒಂದೇ ಚಮಚದಲ್ಲಿ ಪೈ ತಿಂದೆವು. ಅವನು ಇನ್ನೂ ಸ್ವಲ್ಪ ಬೇಜಾರಿನಲ್ಲಿದ್ದ, ಆದರೆ ಪೈ ಖಾಲಿ ಮಾಡಿದ್ದು ಅವನೇ.

ಹಿಂದಿನಿಂದ ವೆಂಡೆಲ್ ಕೂಗಿದ, "ಆರ್ಲಿನ್! ಇಲ್ಲಿ ಚಳಿ ಆಗ್ತಿದೆ! ಮನೆ ಸೇರೋಕೆ ಇನ್ನೆಷ್ಟು ಹೊತ್ತಪ್ಪಾ?"

ಆರ್ಲಿನ್‌ನ ಕೈ ಅಭ್ಯಾಸಬಲದಿಂದ ಎಂಜಿನ್‌ನ ಹಿಡಿಯ ಕಡೆ ಹೋಯಿತು, ವೇಗ ಹೆಚ್ಚಿಸುವುದಕ್ಕೆ. ನಾನು ಅವನ ಕೈ ಮೇಲೆ ಕೈಯಿಟ್ಟೆ. ಅವನು ನನ್ನನ್ನು ನೋಡಿ, ಹಿಡಿಯನ್ನು ಮೆಲ್ಲಗೆ ಹಿಂದಕ್ಕೆಳೆದ, ಎಂಜಿನ್ ಸದ್ದು ಕೇಳಿಯೂ ಕೇಳದಷ್ಟಾಗುವ ತನಕ.

"ಎಷ್ಟು ಹೊತ್ತಾದರೂ ಸರಿ" ಎಂದು ಅವನೇ ಹಿಂದಕ್ಕೆ ತಿರುಗಿ ಕೂಗಿದ.